ರೋಟಾವೇಟರ್ ಗೇರ್‌ಬಾಕ್ಸಿಗೆ ಹೊಸ ಆಯಿಲ್ ಸೀಲ್ ಹಾಕಿದ ಮ್ಯಾಲೂ ಎಣ್ಣಿ ಸೋರಾಕತ್ತೇತಿ, ಕಾರಣ ಏನಿರಬಹುದು?

ಬೆಳವಲ_ಗದಗ:

ಎಲ್ಲಾರಿಗೂ ನಮಸ್ಕಾರ್ರಿ. 6 ಫೂಟಿನ ರೋಟಾವೇಟರ್ (ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡೋ ಮಷಿನ್), 45 ಎಚ್.ಪಿ. ಟ್ರ್ಯಾಕ್ಟರಿಗೆ ಹಚ್ಚಿದ್ದು. ಸೈಡಿಗೆ ಚೈನ್ ಅಲ್ಲ, ಗೇರ್ ಐತಿ. ಎರಡು ಕಡೆ ಎಣ್ಣಿ ಸೋರತೈತಿ. ಒಂದು, ನಡುವಿನ ಗೇರ್‌ಬಾಕ್ಸಿಗೆ ಪಿ.ಟಿ.ಓ. ಜಾಯಿಂಟ್ (ಟ್ರ್ಯಾಕ್ಟರಿನ ತಿರುಗೋ ಶಕ್ತಿ ತರೋ ಶಾಫ್ಟ್) ಕೂಡೋ ಕಡೆ, ಪಿನಿಯನ್ (ಸಣ್ಣ ಗೇರ್) ಶಾಫ್ಟಿನ ಬುಡದಾಗ. ಇನ್ನೊಂದು, ಎಡಗಡೆ ಸೈಡ್ ಗೇರಿನ ಕೆಳಗ, ಬ್ಲೇಡಿನ ರೋಟರ್ ಕೂಡೋ ಜಾಗಾದಾಗ.

ಪಿನಿಯನ್ ಸೀಲು ಹೊಸಾದು ಹಾಕಿದ್ದಾಗೇತಿ. ಹತ್ತಿ ಕಟಿಗಿ ಹೊಲದಾಗ ಎರಡು ದಿನ ಹೊಡಿಯೂದ್ರೊಳಗ ಮತ್ತ ಅಲ್ಲೇ ಹಸಿ. ದಿನಕ್ಕ ಒಂದು ಚಾ ಕಪ್ಪಿನಷ್ಟು ಎಣ್ಣಿ ಇಳಿತೈತಿ. ಒಳಗ ಇರೂದು 90 ನಂಬರ್ ಗೇರ್ ಆಯಿಲ್. ಅದಕ್ಕಿಂತ ದಪ್ಪನ 140 ಹಾಕಿದ್ರ ನಿಲ್ಲತೈತೇನ್ರಿ? ಕೆಲವರು ಗ್ರೀಸ್ ತುಂಬಿಬಿಡು ಅಂತಾರ, ಅದು ಸರಿ ಏನು? ಮುಂಗಾರಿ ಹೆಸರು ಬಿತ್ತೂಕಿಂತ ಮೊದಲ ಪೂರಾ ರಿಪೇರಿ ಮಾಡಿಸಬೇಕು. ಸೀಲು ಬಿಚ್ಚೂದು, ಕೂಡ್ಸೂದು ಹೆಂಗಂತ ತಿಳದವರು ಬಿಡಿಸಿ ಹೇಳ್ರಿ.

ಪಾನಾ_ಪಕ್ಕಡ_ಧಾರವಾಡ:

ಅಣ್ಣಾರ, ಗ್ರೀಸ್ ಮಾತ್ರ ತುಂಬಬ್ಯಾಡ್ರಿ. ಗ್ರೀಸು ಎಣ್ಣಿಯಂಗ ಹರದು ವಾಪಸ್ ಬರಂಗಿಲ್ಲ. ಗೇರು ತಿರಗಿದಲ್ಲಿ ಒಂದು ಗಾಲಿ ಹಾದಿ ಬೀಳತೈತಿ, ಉಳದ ಗ್ರೀಸು ಗ್ವಾಡಿಗೆ ಅಂಟಿಕೊಂಡು ಕೂಡತೈತಿ, ಮ್ಯಾಲಿನ ಬೇರಿಂಗು ಒಣಗತಾವ. ಸೋರೂದು ನಿಂತಂಗ ಕಾಣತೈತಿ, ಆಮ್ಯಾಲೆ ಕ್ರೌನ್ ಪಿನಿಯನ್ನೇ (ಒಳಗಿನ ಜೋಡಿ ಗೇರು) ಹೋಗತಾವ. 140 ಹಾಕಿದ್ರ ಹನಿ ಸ್ವಲ್ಪ ಕಮ್ಮಿ ಆಗಬಹುದು, ರೋಗ ಹೋಗಂಗಿಲ್ಲ. ಮಷಿನ್ ಪುಸ್ತಕದಾಗ ಯಾವ ನಂಬರ್ ಐತಿ ಅದನ್ನ ಹಾಕ್ರಿ. ಡಬ್ಬಿ ಮ್ಯಾಲೆ ಇ.ಪಿ. (ಭಾರಿ ಒತ್ತಡ ತಡಿಯೋ ಎಣ್ಣಿ) ಅಂತ ಇರಬೇಕು.

ಹೊಸ ಸೀಲು ಎರಡು ದಿನದಾಗ ಸೋರಿದ್ರ ತಪ್ಪು ಸೀಲಿಂದಲ್ಲ ಅಂತನ ತಿಳೀರಿ. ಮೊದಲ ಬ್ರೀದರ್ ನೋಡ್ರಿ. ಗೇರ್‌ಬಾಕ್ಸಿನ ನೆತ್ತಿ ಮ್ಯಾಲೆ ಸಣ್ಣ ತೂತಿನ ಒಂದು ಟೋಪಿ ನಟ್ ಇರತೈತಿ. ಎರಿ ಮಣ್ಣು ಹಸಿ ಇದ್ದಾಗ ಬಡದು ಒಣಗಿದ್ರ ಆ ತೂತು ಸಿಮೆಂಟ್ ಹಾಕಿದಂಗ ಮುಚ್ಚತೈತಿ. ಬಾಕ್ಸ್ ಬಿಸಿ ಆದಾಗ ಒಳಗಿನ ಗಾಳಿ ಹಿಗ್ಗಿ, ಹೊರಗ ಹೋಗಾಕ ದಾರಿ ಇಲ್ಲದ ಸೀಲಿನ ತುಟಿ (ಶಾಫ್ಟಿಗೆ ಒತ್ತಿ ಕೂಡೋ ರಬ್ಬರ್ ಅಂಚು) ಎತ್ತಿ ಎಣ್ಣಿ ದೂಡತೈತಿ. ಒಂದು ತಾಸು ಹೊಡದು ಬಂದ್ ಮಾಡಿ, ಬಿಸಿ ಇದ್ದಾಗ ಆ ನಟ್ ಸಾವಕಾಶ ಸಡಿಲ ಮಾಡ್ರಿ, ಮಾರಿ ಮಾತ್ರ ದೂರ ಇರ್ಲಿ. ‘ಭುಸ್’ ಅಂದ್ರ ಅರ್ಧ ಉತ್ತರ ಸಿಕ್ಕಂಗ. ಎಷ್ಟೋ ಮಷಿನ್ನಿಗೆ ಬ್ರೀದರ್ ಕಳದಿದ್ದಕ್ಕ ಆ ಜಾಗಾದಾಗ ಬರೇ ಬೋಲ್ಟ್ ಬಿಗದಿರತಾರ. ಅದನ್ನೂ ನೋಡ್ರಿ.

ಎರಡನೇದು ಎಣ್ಣಿ ಮಟ್ಟ. ಮಷಿನ್ ಸಪಾಟ ನೆಲದ ಮ್ಯಾಲಿಟ್ಟು, ತಣ್ಣಗಾದ ಮ್ಯಾಲೆ ಲೆವೆಲ್ ನಟ್ ತಗದು ನೋಡ್ರಿ. ತೂತಿನ ಕೆಳ ಅಂಚಿಗೆ ಎಣ್ಣಿ ಬಂದು ನಿಂತ್ರ ಸಾಕು. ಸೋರತೈತಂತ ದಿನಾ ಮ್ಯಾಲಿಂದ ಸುರೀತಾ ಹೋದ್ರ ಮಟ್ಟ ಮೀರಿ ಮತ್ತಷ್ಟು ಸೋರತೈತಿ.

ಈಗ ಬಿಚ್ಚೂದು. ಟ್ರ್ಯಾಕ್ಟರ್ ಬಂದ್ ಮಾಡಿ ಚಾವಿ ಕಿಸೆದಾಗ ಇಟ್ಕೋರಿ. ರೋಟಾವೇಟರನ್ನ ಬರೇ ಹೈಡ್ರಾಲಿಕ್ ಮ್ಯಾಲೆ ಎತ್ತಿ ಕೆಳಗ ಕೈ ಹಾಕಬ್ಯಾಡ್ರಿ, ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡ್ರಿ. ಎಣ್ಣಿ ಪೂರಾ ಇಳಿಸಿ ಒಂದು ಬಿಳಿ ಬುಟ್ಟ್ಯಾಗ ಹಿಡೀರಿ. ಕಬ್ಬಿಣದ ಹೊಳಪಿನ ಚೂರು ಕಂಡ್ರ ಬೇರಿಂಗ್ ಇಲ್ಲಾ ಗೇರ್ ಹಲ್ಲು ಹೊಂಟೇತಿ, ಬರೇ ಸೀಲಿನ ಕೆಲಸ ಅಲ್ಲ ಅದು. ಹಾಲು ಬೆರಸಿದಂಗ ಇದ್ರ ನೀರು ಹೊಕ್ಕೇತಿ.

ಜಾಯಿಂಟ್ ತಗದು ಶಾಫ್ಟ್ ಹಿಡದು ಮ್ಯಾಲೆ ಕೆಳಗ ಅಲುಗಾಡಿಸ್ರಿ. ಕೈಗೆ ‘ಟಕ್’ ಅಂತ ಸಡಿಲ ತಿಳದ್ರ ಒಳಗಿನ ಟೇಪರ್ ಬೇರಿಂಗ್ ಬಿಗಿ ಮಾಡೂತನಕ ಯಾವ ಸೀಲೂ ನಿಲ್ಲಂಗಿಲ್ಲ. ಬೇರಿಂಗ್ ತಗೀಬೇಕಾದ್ರ ಶಿಮ್ (ಸಂದಿ ಹೊಂದಸೋ ತೆಳು ತಗಡು) ಎಷ್ಟಿದ್ದುವು, ಯಾವ ಕಡೆ ಇದ್ದುವು ಬರಕೊಳ್ರಿ. ಸಡಿಲ ಇಲ್ಲಂದ್ರ ಬಾಕ್ಸ್ ತೆರಿಯೂದು ಬ್ಯಾಡ. ಸೀಲಿನ ಮ್ಯಾಲೆ ಲಾಕ್ ರಿಂಗ್ ಇದ್ರ ತಗದು, ಸೀಲಿನ ಮುಖಕ್ಕ ಎದುರು ಬದರು ಎರಡು ಕಡೆ 3 ಮಿ.ಮೀ. ತೂತು ಹಾಕಿ, ಸ್ಕ್ರೂ ತಿರುವಿ, ಪಕ್ಕಡಲೆ ಎಳದ್ರ ಬರತೈತಿ. ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿದ್ರ ಚೂರು ಅದಕ್ಕ ಅಂಟತಾವ. ಆಳ ಹೋಗಬ್ಯಾಡ್ರಿ, ಹಿಂದ ಬೇರಿಂಗ್ ಐತಿ. ಸ್ಕ್ರೂಡ್ರೈವರ್ ತುರುಕಿ ಮೀಟಿದ್ರ ಶಾಫ್ಟಿಗೆ ಗೀರು ಬೀಳತೈತಿ. ಆ ಒಂದು ಗೀರಿನಾಗಿಂದ ಆಯುಷ್ಯಪೂರ್ತಿ ಸೋರತೈತಿ.

ಹೊಸ ಸೀಲಿಗೆ ಹಳೇದರ ಮ್ಯಾಲಿನ ನಂಬರ್ ಓದ್ರಿ. ಮೂರು ಅಂಕಿ ಇರತಾವ: ಒಳ ಅಳತಿ, ಹೊರ ಅಳತಿ, ದಪ್ಪ. ಉದಾಹರಣೆಗೆ 40-80-10 ಅಂದ್ರ ಶಾಫ್ಟ್ 40, ಬೋರು (ಸೀಲು ಕೂಡೋ ತೂತು) 80, ದಪ್ಪ 10 ಮಿ.ಮೀ. ಅಳಸಿ ಹೋಗಿದ್ರ ವರ್ನಿಯರಿನಿಂದ ಶಾಫ್ಟು, ಬೋರು ಅಳೀರಿ, ಹಳೇ ಸೀಲನ್ನಲ್ಲ, ಅದರ ತುಟಿ ಹಿಗ್ಗಿರತೈತಿ. ಟಿ.ಸಿ. ನಮೂನಿ ತಗೋರಿ. ಅದರಾಗ ಸ್ಪ್ರಿಂಗಿನ ತುಟಿ ಜತಿಗೆ ಧೂಳಿನ ತುಟಿನೂ ಇರತೈತಿ. ನಮ್ಮ ಹೊಲಕ್ಕ ಒಂಟಿ ತುಟಿಯ ಎಸ್.ಸಿ. ನಡಿಯಂಗಿಲ್ಲ.

ಕೂಡ್ಸುವಾಗ ಸ್ಪ್ರಿಂಗ್ ಕಾಣೋ ಮಗ್ಗಲ ಎಣ್ಣಿ ಕಡೆ, ಅಂದ್ರ ಒಳಗ. ಎರಡು ತುಟಿ ನಡುವಿನ ಸಂದಿ ಅರ್ಧ ತುಂಬೂಹಂಗ ಗ್ರೀಸ್. ಶಾಫ್ಟಿನ ಸ್ಪ್ಲೈನ್ ಹಲ್ಲು ಬ್ಲೇಡಿನಂಗ ಇರತಾವ, ಬರೇ ತೂರಿಸಿದ್ರ ತುಟಿ ಕೊಯ್ಯತಾವ. ಖಾಲಿ ಹಾಲಿನ ಪಾಕೀಟು ಕತ್ತರಿಸಿ ಸ್ಪ್ಲೈನಿಗೆ ಬಿಗಿಯಾಗಿ ಸುತ್ತಿ, ಮ್ಯಾಲೆ ಗ್ರೀಸ್ ಸವರಿ, ಅದರ ಮ್ಯಾಲಿಂದ ಸೀಲ್ ಜಾರಿಸ್ರಿ. ಒಳಗ ಕೂತ ಮ್ಯಾಲೆ ಪಾಕೀಟು ಎಳಕೊಳ್ರಿ. ಸುತ್ತಿಗಿಲೆ ಸೀಧಾ ಬಡದ್ರ ಒಂದು ಮಗ್ಗಲ ಮೊದಲ ಹೋಗಿ ಸೀಲ್ ಸೊಟ್ಟ ಕೂಡತೈತಿ. ಸೀಲಿನ ಹೊರ ಅಳತಿಗಿಂತ ಕೂದಲೆಳಿಯಷ್ಟು ಸಣ್ಣ ಪೈಪಿನ ತುಂಡು ಇಟ್ಟು ಸಾವಕಾಶ ಬಡೀರಿ.

ವರದಾ_ದಂಡೆ (ಹಾವೇರಿ):

ರೋಟರ್ ಕಡೆಯ ಸೋರಿಕೆ ಬಗ್ಗೆ ಹೇಳುತ್ತೇನೆ. ಅಲ್ಲಿ ಕಾರಣ ಬೇರೆ. ಗೋವಿನಜೋಳದ ರವದಿ, ಹತ್ತಿ ಕಟ್ಟಿಗೆಯ ನಾರು, ಡ್ರಿಪ್ ಪೈಪಿನ ತುಂಡು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಇವು ರೋಟರಿಗೆ ಸುತ್ತಿಕೊಂಡು ಹಬ್ಬಿನ (ರೋಟರ್ ತುದಿ ಕೂರುವ ಜಾಗದ) ಸಂದಿಯೊಳಗೆ ಸೇರಿ ಸೀಲನ್ನು ಕತ್ತರಿಸುತ್ತವೆ. ಪ್ಲಾಸ್ಟಿಕ್ ದಾರವಂತೂ ಬಿಸಿಗೆ ಕರಗಿ ಬಳೆಯ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಹೊರಗಿನ ಕವರ್ ತಗಡು ಸವೆದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಸೀಲಿಗೂ ಅದೇ ಗತಿ. ದಿನದ ಕೆಲಸ ಮುಗಿದ ಮೇಲೆ ಎಂಜಿನ್ ಆರಿಸಿ, ಕುಡುಗೋಲಿನಿಂದ ಎರಡೂ ತುದಿಯ ಸುತ್ತು ಕತ್ತರಿಸಿ ತೆಗೆಯುವುದು ಎಲ್ಲಕ್ಕಿಂತ ಮುಖ್ಯ.

ಬಿಚ್ಚಿದಾಗ ಒಳಗೆ ಯಾವ ಸೀಲಿದೆ ಎಂದು ಗಮನಿಸಿ. ಕೆಲವು ಮಷಿನ್ನಿನಲ್ಲಿ ರಬ್ಬರಿನ ಸೀಲೇ ಎರಡು ಇರುತ್ತವೆ. ಕೆಲವದರಲ್ಲಿ ಎರಡು ಉಕ್ಕಿನ ಉಂಗುರ, ಅವುಗಳ ಬೆನ್ನಿಗೆ ಎರಡು ದಪ್ಪ ರಬ್ಬರ್ ಉಂಗುರ ಇರುವ ಮೆಕ್ಯಾನಿಕಲ್ ಸೀಲ್ ಇರುತ್ತದೆ. ಇದನ್ನು ಹಾಕುವಾಗ ಬಹಳ ಜನ ತಪ್ಪುವುದು ಒಂದೇ ಕಡೆ: ರಬ್ಬರಿಗೆ ಗ್ರೀಸ್ ಹಚ್ಚುತ್ತಾರೆ. ಹಚ್ಚಬಾರದು. ರಬ್ಬರ್ ಒಣಗಿರಬೇಕು, ಅದು ಕೂರುವ ಜಾಗವನ್ನೂ ಒರೆಸಿ ಒಣಗಿಸಬೇಕು. ಜಿಡ್ಡಿದ್ದರೆ ರಬ್ಬರ್ ಜಾರಿ, ಉಂಗುರ ಓರೆಯಾಗುತ್ತದೆ. ಉಕ್ಕಿನ ಹೊಳಪು ಮುಖಕ್ಕೆ ಮಾತ್ರ ಸ್ವಚ್ಛ ಎಣ್ಣೆಯ ತೆಳು ಲೇಪ. ಒಂದು ಉಂಗುರ ಹಳೆಯದು, ಒಂದು ಹೊಸದು ಹಾಕಬೇಡಿ. ಜೋಡಿಯಾಗಿಯೇ ಬದಲಿಸಿ.

ಹಾನಗಲ್ಲ ಕಡೆ ಭತ್ತದ ಗದ್ದೆಯಲ್ಲಿ ಕೆಸರು ಹೊಡೆಯುವ ಮಷಿನ್ನಾದರೆ, ಸೋರದಿದ್ದರೂ ಹಂಗಾಮು ಮುಗಿದ ಮೇಲೆ ಎಣ್ಣೆ ನೋಡಲೇಬೇಕು. ಬಿಸಿ ಬಾಕ್ಸ್ ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ.

ಬೆಳವಲ_ಗದಗ:

ಇಬ್ಬರಿಗೂ ಬಾಳ ಉಪಕಾರ ಆತ್ರಿ. ನೋಡಿದ್ವಿ. ಬ್ರೀದರ್ ಜಾಗಾದಾಗ ಖರೇನ ಬೋಲ್ಟ್ ಐತಿ! ಎಣ್ಣ್ಯಾಗ ಚೂರು ಇಲ್ಲ, ಶಾಫ್ಟ್ ಸಡಿಲ ಇಲ್ಲ. ಆದ್ರ ಸೀಲ್ ತಗದು ಒರಸಿದ ಮ್ಯಾಲೆ ಶಾಫ್ಟಿನ ಸುತ್ತ ಒಂದು ಗೆರಿ ಬಿದ್ದೈತಿ, ಉಗುರು ಆಡಿಸಿದ್ರ ಸಿಗತೈತಿ. ಪಾಲಿಶ್ ಪೇಪರ್ ಹೊಡದ್ರ ಸಾಕೇನ್ರಿ, ಇಲ್ಲಾ ಶಾಫ್ಟನ್ನ ಬದಲಿ ಮಾಡಬೇಕೋ?

ಲೇಥ್_ಹುಬ್ಬಳ್ಳಿ:

ಉಗುರಿಗೆ ಸಿಗೋ ಗೆರಿ ಪಾಲಿಶ್ ಪೇಪರಿಗೆ ಹೋಗಂಗಿಲ್ರಿ. ಪೇಪರ್ ಹೊಡಿಯೂದು ಬರೇ ತುಕ್ಕಿನ ಕಲಿಗೆ. ಅದನ್ನೂ ಶಾಫ್ಟಿನ ಸುತ್ತ ಒಂದ ಜಾಗಾದಾಗ ಹಿಡದು ಉಜ್ಜಬೇಕು, ಅತ್ತಿತ್ತ ಸರಸಬಾರದು. ಸರಸಿದ್ರ ಸ್ಕ್ರೂ ಚೂಡಿಯಂಥಾ ಸಣ್ಣ ಗೆರಿ ಬಿದ್ದು, ಶಾಫ್ಟ್ ತಿರಗಿದಂಗ ಅವ ಎಣ್ಣಿ ಹೊರಗ ತಳ್ಳತಾವ.

ನಿಮಗ ಮೂರು ದಾರಿ ಅದಾವ. ಬೋರಿನಾಗ ಜಾಗಾ ಇದ್ರ ಸೀಲನ್ನ 2 ಮಿ.ಮೀ. ಒಳಗ ಇಲ್ಲಾ ಹೊರಗ ಕೂಡ್ಸ್ರಿ, ತುಟಿ ಹೊಸ ಜಾಗಾದ ಮ್ಯಾಲೆ ಬರತೈತಿ. ಕೂಡ್ಸೂ ಮೊದಲ ಲಾಕ್ ಕೂಡೂ ಕಚ್ಚು ಮುಚ್ಚೂದಿಲ್ಲ, ಹಿಂದಿನ ಎಣ್ಣಿ ತೂತು ಮುಚ್ಚೂದಿಲ್ಲ ಅನ್ನೂದು ನೋಡ್ಕೋರಿ. ಖರ್ಚಿಲ್ಲದ ದಾರಿ, ಸಾಧ್ಯ ಇದ್ರ ಇದನ್ನ ಮಾಡ್ರಿ.

ಜಾಗಾ ಇಲ್ಲಂದ್ರ ತೆಳು ಉಕ್ಕಿನ ರೆಡಿ ಸ್ಲೀವ್ (ಶಾಫ್ಟಿನ ಮ್ಯಾಲೆ ಏರಿಸೋ ಬಳಿ), ಬೇರಿಂಗ್ ಅಂಗಡ್ಯಾಗ ಶಾಫ್ಟಿನ ಅಳತಿ ಹೇಳಿದ್ರ ತರಿಸಿಕೊಡತಾರ. ಅದರ ದಪ್ಪ ಕಾಲು ಮಿ.ಮೀ. ಆಸುಪಾಸು, ಹಿಂಗಾಗಿ ಸೀಲಿನ ಅಳತಿ ಬದಲಾಗಂಗಿಲ್ಲ. ಗೆರಿ ಆಳ ಇದ್ರ ಮೊದಲ ಮೆಟಲ್ ಎಪಾಕ್ಸಿ (ಲೋಹಕ್ಕ ಹಚ್ಚೋ ಗಟ್ಟಿ ಅಂಟು) ತುಂಬಿ, ಅದು ಹಸಿ ಇದ್ದಾಗನ ಸ್ಲೀವ್ ಏರಿಸಿ, ಹೊರಗ ಬಂದ ಎಪಾಕ್ಸಿ ಒರಸ್ರಿ. ಸೊಟ್ಟ ಹೋದ್ರ ಸ್ಲೀವ್ ಮಡಚತೈತಿ, ಎರಡನೇ ಸಲ ಬರಂಗಿಲ್ಲ.

ಮೂರನೇದು, ಲೇಥಿಗೆ ಹಾಕಿ ಸೀಲಿನ ಜಾಗಾ ಅಷ್ಟ ಇಳಿಸಿ ಬುಷ್ ಏರಿಸಿ ಗ್ರೈಂಡ್ ಮಾಡೂದು. ಇದಕ್ಕ ಶಾಫ್ಟ್ ಪೂರಾ ಹೊರಗ ಬರಬೇಕು, ಶಿಮ್ಮಿನ ಕೆಲಸ ಮತ್ತ ಬರತೈತಿ. ಶಾಫ್ಟ್ ಸಣ್ಣದಿದ್ರ ಬಲಾನೂ ಕಮ್ಮಿ ಆಗತೈತಿ. ವೆಲ್ಡಿಂಗ್ ತುಂಬಿಸಿ ತಿರುವೂದು ಮಾತ್ರ ಬ್ಯಾಡ್ರಿ, ಕಾಯಿಸಿದ ಉಕ್ಕು ಬಾಗತೈತಿ, ಸ್ಪ್ಲೈನ್ ಬುಡದಾಗ ಸೀಳು ಬಿಡತೈತಿ.

ಪಾನಾ_ಪಕ್ಕಡ_ಧಾರವಾಡ:

ಬೋಲ್ಟ್ ಜಾಗಾಕ್ಕ ಅದ ಚೂಡಿಯ ಬ್ರೀದರ್ ತಂದು ಹಾಕ್ರಿ, ಬೋಲ್ಟಿಗೇ ತೂತು ಹಾಕಿ ಬಿಟ್ರ ಮಣ್ಣು ನೀರು ಸೀದಾ ಒಳಗ ಬೀಳತೈತಿ.

ಪಿ.ಟಿ.ಓ. ಜಾಯಿಂಟಿನ ಉದ್ದಾನೂ ಒಮ್ಮೆ ನೋಡ್ರಿ. ರೋಟಾವೇಟರ್ ಎತ್ತಿ ಇಳಿಸಿ, ಎರಡೂ ಶಾಫ್ಟ್ ಒಂದಕ್ಕೊಂದು ಬಾಳ ಹತ್ತಿರ ಬರೋ ಮಟ್ಟದಾಗ ಒಳ ಪೈಪು ತಳಕ್ಕ ಮುಟ್ಟದ ಕನಿಷ್ಠ 25 ಮಿ.ಮೀ. ಖಾಲಿ ಉಳೀಬೇಕು. ಉದ್ದಾದ ಪೈಪು ಪ್ರತಿ ಕುಲುಕಿಗೂ ಪಿನಿಯನ್ನನ್ನ ಗುದ್ದಿ ಬೇರಿಂಗ್ ಸಡಿಲ ಮಾಡತೈತಿ. ಎರಡೂ ತುದಿಯ ಕವಲು ಒಂದ ಸಾಲಿನ್ಯಾಗ ಇರಬೇಕು, ಒಂದು ಹಲ್ಲು ತಪ್ಪಿ ಕೂಡಿಸಿದ್ರೂ ನಡುಕ ಬರತೈತಿ. ತಿರುವಿನ್ಯಾಗ ಮಷಿನ್ ಎತ್ತುವಾಗ ಪಿ.ಟಿ.ಓ. ಬಂದ್ ಮಾಡ್ರಿ.

ಎಲ್ಲಾ ಆದ ಮ್ಯಾಲೆ ಎಣ್ಣಿ ಹಾಕಿ, ಬಾಕ್ಸ್ ಸೀಮೆಎಣ್ಣಿಲೆ ಒರಸಿ ಒಣಗಿಸಿ, ಸೀಲಿನ ಸುತ್ತ ಮುಖಕ್ಕ ಹಚ್ಚೋ ಪೌಡರ್ ಉದುರಿಸ್ರಿ. ಮಷಿನ್ ನೆಲದಿಂದ ಸ್ವಲ್ಪ ಎತ್ತಿ ಹತ್ತು ನಿಮಿಷ ಸಾವಕಾಶ ತಿರುಗಿಸ್ರಿ, ಜನ ದೂರ ಇರ್ಲಿ. ಬಂದ್ ಮಾಡಿ ನೋಡಿದ್ರ ಎಣ್ಣಿ ತುಟ್ಯಾಗಿಂದ ಬಂತೋ, ಸೀಲಿನ ಹೊರಗಿನ ಅಂಚಿನಾಗಿಂದ ಬಂತೋ, ಮ್ಯಾಲಿನ ಪ್ಯಾಕಿಂಗಿನಾಗಿಂದ ಇಳೀತೋ ಪೌಡರಿನ್ಯಾಗ ಗೆರಿ ಕೊರದಂಗ ಕಾಣತೈತಿ. ಹೊರ ಅಂಚಿನಾಗಿಂದ ಬಂದ್ರ ಬೋರಿಗೆ ಗೀರು ಬಿದ್ದೈತಿ, ಸೀಲಿನ ಬೆನ್ನಿಗೆ ತೆಳ್ಳಗ ಸಿಲಿಕಾನ್ ಹಚ್ಚಿ ಕೂಡ್ಸಿ ಒಂದು ದಿನ ಒಣಗಾಕ ಬಿಡ್ರಿ.