ಅನ್ನನಾಳದ ಆಪರೇಷನ್ ನಂತರ ಸೋರಿಕೆ: ಸ್ಪಾಂಜ್ ಮತ್ತೆ ಮತ್ತೆ ಬದಲಿಸುವುದು ಯಾಕೆ?

ಪ್ರಶ್ನೆ: ಡಾಕ್ಟರೇ, ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆಯಿತು. ಹೊಲಿಗೆ ಹಾಕಿದ ಜಾಗ ಸೋರುತ್ತಿದೆ ಅಂತ ಎಂಡೋಸ್ಕೋಪಿ ಮಾಡಿ ಒಳಗೆ ಸ್ಪಾಂಜ್ ಇಟ್ಟಿದ್ದಾರೆ. ಅದರ ಪೈಪನ್ನು ಮೂಗಿನಿಂದ ಹೊರಗೆ ತಂದು ಹೀರುವ ಮಷೀನಿಗೆ ಜೋಡಿಸಿದ್ದಾರೆ. ಈಗಾಗಲೇ ಬದಲಿಸಿದ್ದಾರೆ, ಇನ್ನೂ ಬದಲಿಸಬೇಕಂತೆ. ಹಾಗಾದರೆ ಮೊದಲು ಇಟ್ಟಿದ್ದು ಕೆಲಸ ಮಾಡಲಿಲ್ಲವಾ?

ಉತ್ತರ (ಜೀರ್ಣಾಂಗ ಸರ್ಜನ್): ಹಾಗೇನಿಲ್ಲ. ಬದಲಿಸುವುದೇ ಈ ಚಿಕಿತ್ಸೆಯ ಕ್ರಮ. ಬಾಯಿಗೆ ಏನೂ ಕೊಡದಿದ್ದರೂ ನಾವು ಎಂಜಲು ನುಂಗುತ್ತಲೇ ಇರುತ್ತೇವೆ, ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್. ಅದು ತೂತಿನಿಂದ ಎದೆಯೊಳಗೆ ಇಳಿದರೆ ಕೀವು ಕಟ್ಟುತ್ತದೆ, ಸೋಂಕು ರಕ್ತಕ್ಕೂ ಹರಡಬಹುದು. ಸ್ಪಾಂಜ್ ಆ ದ್ರವವನ್ನು ಬಿಡದೆ ಹೀರುತ್ತದೆ. ಮಷೀನಿನ ಎಳೆತ ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು. ಆ ಎಳೆತಕ್ಕೆ ಬಾವು ಇಳಿಯುತ್ತದೆ, ತೂತಿನ ಹಿಂದೆ ಕೀವು ನಿಂತ ಕುಳಿ ಕುಗ್ಗುತ್ತದೆ, ಹೊಸ ಕೆಂಪು ಮಾಂಸ ಬೆಳೆಯುತ್ತದೆ.

ಆ ಮಾಂಸ ಸ್ಪಾಂಜಿನ ರಂಧ್ರಗಳೊಳಗೂ ನುಗ್ಗುತ್ತದೆ. ಜಾಸ್ತಿ ದಿನ ಬಿಟ್ಟರೆ ಅಂಟಿಕೊಂಡು, ತೆಗೆಯುವಾಗ ಹರಿದು ರಕ್ತ ಬರುತ್ತದೆ. ಕೊಳೆಯಿಂದ ರಂಧ್ರವೂ ಮುಚ್ಚಿಹೋಗುತ್ತದೆ. ಅದಕ್ಕೇ 3ರಿಂದ 5 ದಿನಕ್ಕೊಮ್ಮೆ ಬದಲಿಸುತ್ತೇವೆ. ಕುಳಿ ಕುಗ್ಗಿದಂತೆ ಸ್ಪಾಂಜನ್ನೂ ಚಿಕ್ಕದಾಗಿ ಕತ್ತರಿಸಿ ಇಡುತ್ತೇವೆ. ಇದು ಕೆಲವು ವಾರಗಳ ಕೆಲಸ. ‘ಕುಳಿ ಹೋದ ಸಲಕ್ಕಿಂತ ಚಿಕ್ಕದಾಗಿದೆಯಾ’ ಅಂತ ಪ್ರತಿ ಸಲ ಧೈರ್ಯವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಇನ್ನೊಬ್ಬರು: ಇದರ ಬದಲು ಒಂದು ಸಲ ಸ್ಟೆಂಟ್, ಅಂದರೆ ಅನ್ನನಾಳದೊಳಗೆ ಇಡುವ ಕೊಳವೆ, ಹಾಕಿದರೆ ಮುಗಿಯುತ್ತಲ್ವಾ ಸರ್?

ಉತ್ತರ: ಕೆಲವರಿಗೆ ಸ್ಟೆಂಟ್ ಸರಿಹೋಗುತ್ತದೆ. ಆದರೆ ಅದು ತೂತನ್ನು ಒಳಗಿನಿಂದ ಮುಚ್ಚುತ್ತದೆ ಅಷ್ಟೆ, ಹಿಂದೆ ನಿಂತ ಕೀವನ್ನು ತೆಗೆಯುವುದಿಲ್ಲ. ಜಾರುವುದೂ ಉಂಟು. ಕೀವಿನ ಕುಳಿ ಇದ್ದರೆ ನಾನು ಸ್ಪಾಂಜನ್ನೇ ಆರಿಸುತ್ತೇನೆ. ಬದಲಿಸುವಾಗಲೆಲ್ಲ ಗಾಯವನ್ನು ಕಣ್ಣಾರೆ ನೋಡಬಹುದು, ಅದು ದೊಡ್ಡ ಅನುಕೂಲ. ಹಾಗಂತ ಎಲ್ಲ ಸೋರಿಕೆಗೂ ಇದೇ ಮದ್ದಲ್ಲ. ಆಪರೇಷನ್‌ನಲ್ಲಿ ತೆಗೆದ ಅನ್ನನಾಳದ ಬದಲಿಗೆ ಮೇಲಕ್ಕೆ ಎಳೆದು ಜೋಡಿಸಿದ ಜಠರದ ಭಾಗಕ್ಕೆ ರಕ್ತ ಹೋಗದೆ ಅದು ಸತ್ತಿದ್ದರೆ ಮತ್ತೆ ಆಪರೇಷನ್ನೇ ಬೇಕು.

ಮೊದಲು ಕೇಳಿದವರು: ನಾವು ಏನು ಗಮನಿಸಬೇಕು? ಊಟ ಯಾವಾಗ?

ಉತ್ತರ: ಪೈಪಿನಲ್ಲಾಗಲಿ ಬಾಯಲ್ಲಾಗಲಿ ಕೆಂಪು ರಕ್ತ ಕಂಡರೆ ತಕ್ಷಣ ನರ್ಸನ್ನು ಕರೆಯಿರಿ. ಅಪರೂಪ, ಆದರೆ ಹತ್ತಿರದಲ್ಲೇ ದೊಡ್ಡ ರಕ್ತನಾಳಗಳಿವೆ, ಒಂದು ನಿಮಿಷವೂ ಕಾಯಬೇಡಿ. ಮಷೀನ್ ಅಲಾರಾಂ ಹೊಡೆದರೂ ಹೇಳಿ. ಪೈಪ್ ಮಡಚದಂತೆ, ಎಳೆಯದಂತೆ ನೋಡಿಕೊಳ್ಳಿ.

ಈಗ ಆಹಾರ ಸಣ್ಣ ಕರುಳಿಗೆ ಹಾಕಿದ ಟ್ಯೂಬಿನಲ್ಲೇ ಹೋಗಬೇಕು. ಅದರಲ್ಲಿ ಕಡಿಮೆ ಮಾಡಬೇಡಿ, ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು. ಸೋರಿಕೆ ನಿಂತಿದೆ ಅಂತ ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಮೊದಲು ನೀರು, ಆಮೇಲೆ ಮೆತ್ತನೆಯದು. ಮನೆಗೆ ಹೋದಮೇಲೆ ನುಂಗುವಾಗ ಸಿಕ್ಕಿಕೊಂಡಂತೆ ಆದರೆ ಬಂದು ತೋರಿಸಿ. ಗಾಯ ಮಾಯುವಾಗ ದಾರಿ ಕಿರಿದಾಗಿರಬಹುದು, ಅದನ್ನು ಎಂಡೋಸ್ಕೋಪಿಯಲ್ಲೇ ಬಲೂನ್ ಇಟ್ಟು ಅಗಲ ಮಾಡಬಹುದು.