ಪುರಸಭೆಯಿಂದ ಲೋಕಸಭೆಗೆ: ಶಿಕಾರಿಪುರದ ದಾರಿ

ತುಂಗಾತೀರ: ಶಿವಮೊಗ್ಗ ಜಿಲ್ಲೆಯಲ್ಲಿ ಪುರಸಭೆಯಿಂದ ಆರಂಭಿಸಿ ಸಂಸತ್ತನ್ನು ತಲುಪಿದವರ ಮಾತು ಬಂದಾಗ ಯಡಿಯೂರಪ್ಪನವರ ಹೆಸರೇ ಮೊದಲು ಕೇಳಿಬರುತ್ತದೆ. ವಾರ್ಡಿನ ಚರಂಡಿ, ನಲ್ಲಿ ನೀರಿನ ಅನುಭವ ದೆಹಲಿಯಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಸಾಗರದವ: ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ, ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಅವರು 1975ರಲ್ಲಿ ಪುರಸಭೆಗೆ ಆಯ್ಕೆಯಾಗಿ, ಮುಂದೆ ಅದರ ಅಧ್ಯಕ್ಷರೂ ಆಗಿ, 1983ರಲ್ಲಿ ಅದೇ ಊರಿನಿಂದ ವಿಧಾನಸಭೆ ಪ್ರವೇಶಿಸಿದರು. ಲೋಕಸಭೆಗೆ ಹೋದದ್ದು 2014ರಲ್ಲಿ, ಅದೂ ಮುಖ್ಯಮಂತ್ರಿಯಾಗಿ ಇಳಿದ ಮೇಲೆ. ಆದ್ದರಿಂದ ಇದನ್ನು ನೇರವಾದ ಏಣಿ ಎನ್ನಲಾಗದು. 2018ರಲ್ಲಿ ಮತ್ತೆ ಶಾಸಕರಾಗಿ ಗೆದ್ದಾಗ, ಎರಡೂ ಕಡೆ ಏಕಕಾಲಕ್ಕೆ ಸದಸ್ಯರಾಗಿರಲು ಅವಕಾಶವಿಲ್ಲದ ಕಾರಣ, ಸಂಸತ್ ಸ್ಥಾನವನ್ನೇ ಬಿಟ್ಟರು. (ಅವರ ಮನಸ್ಸು ಎಂದೂ ದೆಹಲಿಯಲ್ಲಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.)

ತೀರ್ಥಹಳ್ಳಿ ಓದುಗ: ಚರಂಡಿ ಪುರಸಭೆಯ ಕೆಲಸ, ರೈಲು ಮತ್ತು ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಆದರೂ ಶಿವಮೊಗ್ಗ ಲೋಕಸಭಾ ಕ್ಷೇತ್ರದ 8 ವಿಧಾನಸಭಾ ಭಾಗಗಳಲ್ಲಿ ಉಡುಪಿ ಜಿಲ್ಲೆಯ ಬೈಂದೂರೂ ಸೇರಿರುವುದರಿಂದ, ಘಟ್ಟದ ಮೇಲಿನ ಅಡಿಕೆ ಬೆಳೆಗಾರ, ಕೆಳಗಿನ ಮೀನುಗಾರ ಇಬ್ಬರ ಅಹವಾಲನ್ನೂ ಒಬ್ಬರೇ ಸಂಸದರು ಕೇಳಬೇಕು. ಅರ್ಜಿ ಯಾವ ಕಚೇರಿಯ ಯಾವ ಮೇಜಿನ ಮೇಲೆ ನಿಂತಿದೆ ಎಂದು ಊಹಿಸುವ ಚಾಕಚಕ್ಯತೆ ಪುರಸಭೆಯಲ್ಲಿಯೇ ಬರುವಂಥದ್ದು.

ಸಾಗರದವ: ಒಪ್ಪಿದೆ. ಅಡಿಕೆಯ ಆಮದು ಸುಂಕವೂ ಕೇಂದ್ರದ್ದೇ ಎಂಬುದನ್ನು ಸೇರಿಸಿಕೊಳ್ಳಿ.