ವಾರದ ಮುಖಾಮುಖಿ ಬೇಸ್‌ಬಾಲ್ ಲೀಗ್: ಎರಡು ಸಲ ಎಸೆಯುವ ಪಿಚರನ್ನೇ ನೆಚ್ಚಬೇಕೇ?

ಕುಂಬಳೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಭಾವನವರ ಒತ್ತಾಯದಿಂದ ಹನ್ನೆರಡು ತಂಡಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ (ನಿಜವಾದ ಆಟಗಾರರನ್ನು ಆರಿಸಿ, ಅವರ ಅಂಕಿಅಂಶಗಳಿಂದ ಸ್ಪರ್ಧಿಸುವ ಆಟ) ಸೇರಿದ್ದೇನೆ. ವಾರಕ್ಕೊಬ್ಬ ಎದುರಾಳಿ, ಬ್ಯಾಟಿಂಗಿನಲ್ಲಿ ಐದು, ಪಿಚಿಂಗಿನಲ್ಲಿ (ಚೆಂಡೆಸೆತದಲ್ಲಿ) ಐದು ವಿಭಾಗ. ಸೋಮವಾರದ ಮೊದಲ ಪಂದ್ಯಕ್ಕೆ ತಂಡ ಲಾಕ್ ಆದರೆ ವಾರವಿಡೀ ಬದಲಾಯಿಸುವಂತಿಲ್ಲ. ಒಂದೇ ವಾರದಲ್ಲಿ ಎರಡು ಪಂದ್ಯ ಆರಂಭಿಸುವ ಪಿಚರ್‌ಗಳನ್ನು ಹುಡುಕಿ ಹಾಕಿದಾಗ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರನ್ನು ಔಟ್ ಮಾಡುವುದು) ಕೈಗೆ ಬರುತ್ತದೆ, ಆದರೆ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಕೊಟ್ಟ ರನ್‌ಗಳ ಸರಾಸರಿ) ಮತ್ತು ವಿಪ್ (ಇನ್ನಿಂಗ್ಸ್‌ಗೆ ಕೊಟ್ಟ ಹಿಟ್ ಮತ್ತು ವಾಕ್‌ಗಳ ಸರಾಸರಿ), ಕಡಿಮೆಯಿದ್ದಷ್ಟೂ ಒಳ್ಳೆಯದಾದ ಈ ಎರಡೂ ಕೈತಪ್ಪುತ್ತವೆ. ಇದಕ್ಕೇನು ಪರಿಹಾರ? ಸೇವ್ ವಿಭಾಗವನ್ನು (ತಂಡದ ಅಲ್ಪ ಮುನ್ನಡೆಯನ್ನು ಕೊನೆಯವರೆಗೆ ಕಾಯುವ ಪಿಚರ್‌ಗೆ ಸಿಗುವ ಲೆಕ್ಕ) ಪೂರ್ತಿ ಕೈಬಿಡಬಹುದೇ?

ಬದಿಯಡ್ಕದಿಂದ ಉತ್ತರ

ನಿಮ್ಮ ಲೀಗಿನಲ್ಲಿ ವಾರದ ಫಲಿತಾಂಶ ಹೇಗೆ ದಾಖಲಾಗುತ್ತದೆ ಎಂಬುದನ್ನು ಮೊದಲು ನೋಡಿರಿ. ಹತ್ತರಲ್ಲಿ ಆರು ಗೆದ್ದವನಿಗೆ ಇಡೀ ವಾರದ ಒಂದು ಗೆಲುವು ಎಂದಿದ್ದರೆ, ಸೇವ್ ಅನ್ನು ಬಿಟ್ಟುಕೊಟ್ಟು ಉಳಿದ ಒಂಬತ್ತರಲ್ಲಿ ಆರನ್ನು ಹಿಡಿಯುವುದು ಒಪ್ಪತಕ್ಕ ಲೆಕ್ಕಾಚಾರ. ಪ್ರತಿ ವಿಭಾಗವೂ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಸೇರುವುದಾದರೆ ಪ್ರತಿ ವಾರವೂ ಒಂದು ಸೋಲನ್ನು ನಾವಾಗಿಯೇ ಬರೆದುಕೊಟ್ಟಂತಾಗುತ್ತದೆ.

ಇನ್ನು ಎರಡು ಸಲ ಎಸೆಯುವವರ ವಿಚಾರ. ನಿಮ್ಮ ತಂಡ 40 ಇನ್ನಿಂಗ್ಸ್‌ಗಳಲ್ಲಿ 15 ರನ್ ಕೊಟ್ಟಿದೆ ಎಂದಿಟ್ಟುಕೊಳ್ಳಿ, ಇಆರ್‌ಎ 3.38. ಭಾನುವಾರ ಒಬ್ಬ ಸಾಧಾರಣ ಪಿಚರ್ ನಾಲ್ಕೇ ಇನ್ನಿಂಗ್ಸ್‌ಗಳಲ್ಲಿ ಆರು ರನ್ ಕೊಟ್ಟರೆ ಅದು 4.30ಕ್ಕೆ ಏರುತ್ತದೆ. ಅವನಿಂದ ಸಿಗುವ ಮೂರು ನಾಲ್ಕು ಸ್ಟ್ರೈಕ್‌ಔಟ್‌ಗಳಿಗೆ ಇದು ದುಬಾರಿ ಬೆಲೆ. ಆದ್ದರಿಂದ ಎರಡು ಪಂದ್ಯಗಳ ಪೈಕಿ ಒಂದಾದರೂ ಡೆನ್ವರಿನ ಕೂರ್ಸ್ ಫೀಲ್ಡ್ ಮೈದಾನದಲ್ಲಿದ್ದರೆ, ಆ ಪಿಚರ್ ನಿಜಕ್ಕೂ ಮೇಲ್ದರ್ಜೆಯವನಲ್ಲದಿದ್ದಲ್ಲಿ, ನಾನು ಅವನನ್ನು ಬೆಂಚಿನಲ್ಲೇ ಕೂರಿಸುತ್ತೇನೆ. ಸುಮಾರು 1,600 ಮೀಟರ್ ಎತ್ತರದ ಆ ಊರಿನ ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಎಸೆತದ ತಿರುವೂ ಕಡಿಮೆಯಾಗುತ್ತದೆ. ಬ್ಯಾಟರ್‌ಗಳ ಆಯ್ಕೆಯಲ್ಲಿ ಇದೇ ಮಾತು ತಿರುಗುಮುರುಗು.

ಅಕ್ಕಲಕೋಟೆಯಿಂದ ಉತ್ತರ

ಬದಿಯಡ್ಕದವರ ಲೆಕ್ಕ ಸರಿಯಾಗಿದೆ, ಆದರೆ ಸೇವ್ ಬಿಡುವ ಸಲಹೆಗೆ ನನ್ನ ಸಮ್ಮತಿಯಿಲ್ಲ. ಒಳ್ಳೆಯ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಎಸೆಯುವ ಪಿಚರ್) ತರುವುದು ಸೇವ್ ಒಂದನ್ನೇ ಅಲ್ಲ. ಅವನ ಮೂರು ಸ್ವಚ್ಛ ಇನ್ನಿಂಗ್ಸ್‌ಗಳು ಇಆರ್‌ಎ, ವಿಪ್ ಎರಡನ್ನೂ ಕೆಳಗಿಳಿಸುತ್ತವೆ. ಪ್ರಶ್ನೆ ಕೇಳಿದವರಿಗೆ ನೋಯುತ್ತಿರುವುದೂ ಅಲ್ಲಿಯೇ. ಇಬ್ಬರು ಕ್ಲೋಸರ್‌ಗಳಿರಲಿ, ಎರಡು ಸಲ ಎಸೆಯುವವರು ಒಬ್ಬಿಬ್ಬರು ಸಾಕು.

ಬ್ಯಾಟಿಂಗಿನಲ್ಲಿ ವಾರದ ಪಂದ್ಯಗಳನ್ನು ಎಣಿಸಿರಿ. ಕೆಲವು ತಂಡಗಳಿಗೆ ಏಳು, ಕೆಲವಕ್ಕೆ ಐದೇ ಇರುತ್ತವೆ. ಸಮಬಲದ ಇಬ್ಬರಲ್ಲಿ ಏಳು ಪಂದ್ಯದವನನ್ನು ಆರಿಸುವುದಕ್ಕೆ ಹೆಚ್ಚು ಯೋಚನೆ ಬೇಡ. ಸ್ಟೀಲ್ (ಪಿಚರ್ ಎಸೆಯುವಾಗ ಓಟಗಾರ ಮುಂದಿನ ಬೇಸಿಗೆ ಓಡಿ ಸೇರುವುದು) ವಿಚಾರದಲ್ಲಿ ಹಳೆಯ ಲೇಖನಗಳನ್ನು ನಂಬಬೇಡಿರಿ. 2023ರಲ್ಲಿ ಅಮೆರಿಕದ ಮೇಜರ್ ಲೀಗಿನಲ್ಲಿ ಬೇಸ್‌ಗಳ (ಓಟಗಾರ ಮುಟ್ಟಬೇಕಾದ ಚೌಕಗಳ) ಅಳತೆ 15 ಇಂಚಿನಿಂದ 18ಕ್ಕೆ ಹಿಗ್ಗಿತು, ಪಿಚರ್ ಬೇಸಿನತ್ತ ಎಸೆದು ಓಟಗಾರನನ್ನು ತಡೆಯುವುದಕ್ಕೂ ಮಿತಿ ಬಂತು. ಒಟ್ಟು ಸ್ಟೀಲ್‌ಗಳು ಹಿಂದಿನ ವರ್ಷದ 2,486ರಿಂದ 3,503ಕ್ಕೆ ಜಿಗಿದವು. ಈಗ ಒಬ್ಬನೇ ವೇಗದ ಓಟಗಾರನಿಂದ ಆ ವಿಭಾಗ ಗೆಲ್ಲುವುದು ಕಷ್ಟ.

ಕುಂಬಳೆಯಿಂದ

ಇಬ್ಬರಿಗೂ ಧನ್ಯವಾದ. ನಮ್ಮಲ್ಲಿ ಪ್ರತಿ ವಿಭಾಗವೂ ಬೇರೆಯಾಗಿಯೇ ಸೇರುತ್ತದೆ, ಹಾಗಾಗಿ ಸೇವ್ ಬಿಡುವುದಿಲ್ಲ. ತಂಡವನ್ನು ಇಲ್ಲಿಯ ಯಾವ ಹೊತ್ತಿಗೆ ಅಂತಿಮಗೊಳಿಸುವುದು ಒಳ್ಳೆಯದು?

ಮಂಜೇಶ್ವರದಿಂದ ಉತ್ತರ

ನ್ಯೂಯಾರ್ಕಿನ ಸೋಮವಾರ ಸಂಜೆ ಏಳು ಗಂಟೆ ಎಂದರೆ ನಮಗೆ ಮಂಗಳವಾರ ಬೆಳಗಿನ ಜಾವ ನಾಲ್ಕೂವರೆ. ಹಾಗೆಂದು ಅಲಾರಂ ಇಟ್ಟು ಮಲಗಬೇಡಿರಿ. ಜೂನ್, ಜುಲೈಯ ಗಾಳಿಮಳೆಗೆ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಸೋಮವಾರ ರಾತ್ರಿ ಊಟಕ್ಕೆ ಮೊದಲೇ ಮುಗಿಸಿರಿ. ಮೇ ತಿಂಗಳ ಕೊನೆಯ ಸೋಮವಾರ ಮತ್ತು ಸೆಪ್ಟೆಂಬರ್ ಮೊದಲ ಸೋಮವಾರ ಅಲ್ಲಿ ರಜೆಯಾದ್ದರಿಂದ ಹಗಲಿನಲ್ಲೇ ಪಂದ್ಯಗಳಿರುತ್ತವೆ, ನಮ್ಮ ರಾತ್ರಿ ಹತ್ತೂವರೆಗೇ ಲಾಕ್ ಬೀಳಬಹುದು. ಅಂತಿಮಗೊಳಿಸುವ ಮೊದಲು ಮಂಗಳವಾರದ ಪಿಚರ್‌ಗಳ ಹೆಸರನ್ನು ಇನ್ನೊಮ್ಮೆ ನೋಡಿರಿ: ಭಾನುವಾರದ ಪಂದ್ಯ ಮಳೆಗೆ ಮುಂದೂಡಲ್ಪಟ್ಟು ಅವರ ಸರದಿ ಬುಧವಾರಕ್ಕೆ ಜಾರಿದ್ದರೆ, ನೀವು ನೆಚ್ಚಿದ ಎರಡನೆಯ ಆರಂಭ ಮುಂದಿನ ವಾರದ ಲೆಕ್ಕಕ್ಕೆ ಹೋಗುತ್ತದೆ.